‘ಯಾರಾದರೂ ನಿಮ್ಮನ್ನು ಹಿಂಬಾಲಿಸುತ್ತಾರೆಯೇ?’

ಷಿಕಾಗೊದ ದಕ್ಷಿಣ ಭಾಗದ ಚಿಕಿತ್ಸಾಲಯವೊಂದರಲ್ಲಿ ನಾನು ಮನಶ್ಶಾಸ್ತ್ರಜ್ಞೆಯಾಗಿ ಕೆಲಸಕ್ಕೆ ಸೇರಿದ ಹೊಸತು. ಮೊದಲ ಸಲ ಬಂದವರಿಗೆಲ್ಲ ಕೇಳಲೇಬೇಕಾದ ಪ್ರಶ್ನೆಗಳ ಪಟ್ಟಿಯೊಂದಿತ್ತು. ಅದರಲ್ಲೊಂದು: ‘ಯಾರಾದರೂ ನಿಮ್ಮನ್ನು ಹಿಂಬಾಲಿಸುತ್ತಿದ್ದಾರೆ ಎಂದು ಅನ್ನಿಸುತ್ತದೆಯೇ?’ ಐವತ್ತರ ಆಸುಪಾಸಿನ, ಕಪ್ಪು ಸಮುದಾಯದ ಬಸ್ ಚಾಲಕರೊಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಯೋಚಿಸಲೂ ಇಲ್ಲ, ‘ಹೌದು’ ಎಂದರು. ನಾನು ಚೌಕದಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ.

ಸಂಜೆ ಆ ಹಾಳೆ ನೋಡಿದ ನನ್ನ ಮೇಲ್ವಿಚಾರಕಿ, ಅವರೂ ಕಪ್ಪು ಸಮುದಾಯದವರೇ, ಕೇಳಿದ್ದು ಒಂದೇ ಮಾತು: ‘ಎಲ್ಲಿ ಎಂದು ಕೇಳಿದಿರಾ?’ ಕೇಳಿರಲಿಲ್ಲ. ಮುಂದಿನ ವಾರ ಕೇಳಿದೆ. ‘ಅಂಗಡಿಯಲ್ಲಿ. ಅಂಗಿ ಕೊಳ್ಳಲು ಹೋದರೆ ಕಾವಲಿನವನು ಬೆನ್ನ ಹಿಂದೆಯೇ ಬರುತ್ತಾನೆ. ನಿಮಗೆ ಗೊತ್ತಿಲ್ಲವೇ?’ ಎಂದರು. ನನ್ನ ಹಾಳೆಯಲ್ಲಿ ಅದು ಭ್ರಮೆಯ ಲಕ್ಷಣವಾಗಿ ಕುಳಿತಿತ್ತು.

ಇದು ನನ್ನೊಬ್ಬಳ ಎಡವಟ್ಟಲ್ಲ. ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ್ದು ಕಾಣುವ, ಕೇಳಿಸುವ, ಭ್ರಮೆ ಕಾಡುವ ಮನೋರೋಗ) ಎಂಬ ಹಣೆಪಟ್ಟಿ ಬಿಳಿಯರಿಗಿಂತ ಕಪ್ಪು ಜನರಿಗೆ ಹೆಚ್ಚಾಗಿ ಅಂಟುತ್ತದೆ, ಅವರ ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆ (ಅತಿ ಹುರುಪು, ಖಿನ್ನತೆ ಸರದಿಯಂತೆ ಬರುವುದು) ವೈದ್ಯರ ಕಣ್ತಪ್ಪುತ್ತವೆ ಎಂದು ದಶಕಗಳಿಂದ ಅಧ್ಯಯನಗಳು ಹೇಳುತ್ತಲೇ ಇವೆ. ಹಾಗಾದಾಗ ಔಷಧಿಯೂ ತಪ್ಪುತ್ತದೆ. ಮಂಕು ಕವಿಯುತ್ತದೆ, ಮೈತೂಕ ಏರುತ್ತದೆ, ದುಃಖ ಮಾತ್ರ ಇದ್ದಲ್ಲೇ ಇರುತ್ತದೆ.

‘ಇವರು ನಮ್ಮನ್ನು ನಂಬುವುದಿಲ್ಲ’ ಎಂದು ಗೊಣಗುವ ಸಹೋದ್ಯೋಗಿಗಳಿಗೆ ನಾನು ನಮ್ಮ ವೃತ್ತಿಯ ಹಳೆಯ ಲೆಕ್ಕವನ್ನು ನೆನಪಿಸುತ್ತೇನೆ. 1851ರಲ್ಲಿ ಲೂಸಿಯಾನಾದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಗುಲಾಮರು ಒಡೆಯನನ್ನು ಬಿಟ್ಟು ಓಡಿಹೋಗುವುದೇ ಒಂದು ಮನೋರೋಗ ಎಂದು ಬರೆದ. ಅದಕ್ಕೆ ‘ಡ್ರ್ಯಾಪೆಟೊಮೇನಿಯಾ’ ಎಂಬ ಭಾರಿ ಹೆಸರಿಟ್ಟು, ಚಾಟಿಯೇಟನ್ನು ಮದ್ದಿನ ಸಾಲಿಗೆ ಸೇರಿಸಿದ. ಇನ್ನು ಟಸ್ಕೀಗಿ. ಅಲಬಾಮಾದ ಆ ಊರಿನಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಎಂಬ ಲೈಂಗಿಕ ರೋಗ ತಗುಲಿದ್ದ 399 ಕಪ್ಪು ಗಂಡಸರಿಗೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತ್ತು. 1974ರಲ್ಲಿ ಮನೋವೈದ್ಯರ ಪತ್ರಿಕೆಯಲ್ಲಿ ಬಂದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಹ್ಯಾಲ್ಡಾಲ್ ಮಾತ್ರೆಯ ಜಾಹೀರಾತಿನಲ್ಲಿ ಇದ್ದದ್ದು ಮುಷ್ಟಿ ಬಿಗಿದ ಕಪ್ಪು ಮನುಷ್ಯ. ಅಮೆರಿಕದ ಮನೋವೈದ್ಯರ ಸಂಘ ಇಂಥವಕ್ಕೆಲ್ಲ ಕ್ಷಮೆ ಕೇಳಿದ್ದು 2021ರಲ್ಲಿ. ಅಜ್ಜಂದಿರಿಂದ ಇಷ್ಟು ಕೇಳಿ ಬೆಳೆದವರು ನನ್ನೆದುರು ಬಂದ ಕೂಡಲೇ ಮನಸ್ಸು ಬಿಚ್ಚಿದರೆ ನಾನೇ ಚಿಂತಿಸಬೇಕಾದೀತು!

‘ಖಿನ್ನತೆ’ ಎಂಬ ಪದ ಹಿಡಿದು ಬರುವವರು ಕಡಿಮೆ. ಸೊಂಟನೋವು, ತಲೆನೋವು, ಮನೆಯವರ ಮೇಲೆ ಸಿಡುಕು, ‘ಸುಸ್ತು, ಅಷ್ಟೇ.’ ಹೆಂಗಸರ ಮೇಲೆ ಇನ್ನೊಂದು ಹೊರೆ: ‘ನೀನು ಗಟ್ಟಿಗಿತ್ತಿ.’ ಈ ಹೊಗಳಿಕೆ ಹೊತ್ತವಳಿಗೆ ಅಳುವುದಕ್ಕೂ ಬಿಡುವಿರುವುದಿಲ್ಲ. (ಹಾಸನದಲ್ಲಿದ್ದ ನನ್ನ ದೊಡ್ಡಮ್ಮನನ್ನೂ ಹೀಗೆಯೇ ಹೊಗಳುತ್ತಿದ್ದೆವು.) ಪ್ರಾರ್ಥನೆಯೇ ಸಾಕು ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಚರ್ಚಿಗೆ ಹೋಗಿ, ಇಲ್ಲಿಗೂ ಬನ್ನಿ ಎನ್ನುತ್ತೇನೆ.

ಚರ್ಚು ಮತ್ತು ಚಿಕಿತ್ಸೆ ಒಂದೇ ಸೂರಿನಡಿ ಇದ್ದದ್ದೂ ಉಂಟು. 1946ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಸೇಂಟ್ ಫಿಲಿಪ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ಲಫಾರ್ಗ್ ಕ್ಲಿನಿಕ್ ಶುರುವಾಯಿತು. ಶುಲ್ಕ 25 ಸೆಂಟ್. ಈಗ ಕನ್ಫೆಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕ್ಷೌರಿಕರಿಗೆ ತರಬೇತಿ ಕೊಡುತ್ತಿದೆ. ತಿಂಗಳಿಗೆರಡು ಸಲ ಅದೇ ಕುರ್ಚಿಯಲ್ಲಿ ಕೂರುವ ಗಂಡಸು ನನ್ನ ಬಳಿ ಆಡದ ಮಾತನ್ನು ಅಲ್ಲಿ ಆಡುತ್ತಾನೆ. ಕೇಳಿಸಿಕೊಳ್ಳುವುದು ಹೇಗೆ, ಯಾವಾಗ ‘ವೈದ್ಯರನ್ನು ನೋಡು’ ಎನ್ನಬೇಕು ಎಂಬುದನ್ನು ಕ್ಷೌರಿಕರು ಕಲಿಯುತ್ತಾರೆ.

ಆ ಚಾಲಕರು ಆರನೆಯ ವಾರ ನನ್ನ ಟಿಪ್ಪಣಿ ಪುಸ್ತಕದತ್ತ ಗದ್ದ ಚಾಚಿ, ‘ಇದನ್ನು ಯಾರು ಓದುತ್ತಾರೆ?’ ಎಂದು ಕೇಳಿದರು. ವಿಮಾ ಕಂಪನಿಗೆ ಕಾಯಿಲೆಯ ಹೆಸರು, ಬಂದುಹೋದ ದಿನಾಂಕ ಹೋಗುತ್ತದೆ, ಈ ಪುಸ್ತಕ ಹೋಗುವುದಿಲ್ಲ ಎಂದು ಹೇಳಿ, ಅದನ್ನು ಅವರ ಕಡೆಗೆ ತಿರುಗಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಓದಿ ಮುಗಿಸಿ, ಎರಡು ವರ್ಷದಿಂದ ದಿನವೂ ನಸುಕಿನ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ, ತಮ್ಮ ತೀರಿಹೋದಾಗಿನಿಂದ ಊಟವೂ ರುಚಿಸುವುದಿಲ್ಲ ಎಂದರು.