ಮೊದಲು ಉಸಿರು ಎಣಿಸಿ

ಅನೇಕ ಸರ್ಜಿಕಲ್ ವಾರ್ಡುಗಳ ಚಾರ್ಟಿನಲ್ಲಿ ಬಿಪಿ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ, ನಾಡಿಯೂ ಅಷ್ಟೇ. ಉಸಿರಾಟದ ಕಾಲಂ ಮಾತ್ರ ಮೇಲಿಂದ ಕೆಳಗಿನವರೆಗೆ 20, 20, 20. ಎಷ್ಟೋ ಸಲ ಅದು ಎಣಿಸಿ ಬರೆದದ್ದಲ್ಲ, ಅಂದಾಜಿಗೆ ತುಂಬಿದ್ದು. ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಕಲಿಯಲು ಬರುವವರಿಗೆ ನಾನು ಮೊದಲು ತೋರಿಸುವುದು ಈ ಕಾಲಂ. ಎಣಿಸಲು ಆಗಲಿಲ್ಲವೇ, ಖಾಲಿ ಬಿಡಿ. ಖಾಲಿ ಜಾಗ ಕಂಡರೆ ಮುಂದಿನ ಶಿಫ್ಟಿನವರಾದರೂ ಎಣಿಸುತ್ತಾರೆ.

ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಳಗೆ ರಕ್ತ ಸೋರುತ್ತಿರಲಿ, ಸೋಂಕು ರಕ್ತಕ್ಕೆ ಹಬ್ಬಿರಲಿ, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿ ಕೂತಿರಲಿ, ಬಹಳ ಸಲ ಮೊದಲು ಬದಲಾಗುವುದು ಉಸಿರೇ. ಬಿಪಿ ನಂಬಿ ಕೂತರೆ ತಡವಾಗುತ್ತದೆ. ಗಟ್ಟಿಮುಟ್ಟಾದ ಯುವಕರಲ್ಲಿ ಸುಮಾರು ಶೇ 30ರಷ್ಟು ರಕ್ತ ಹೋಗುವವರೆಗೂ ಬಿಪಿ ಅಷ್ಟಾಗಿ ಇಳಿಯದೇ ಇರಬಹುದು. ದೇಹ ರಕ್ತನಾಳಗಳನ್ನು ಬಿಗಿಮಾಡಿ ಅದನ್ನು ಹಿಡಿದಿಟ್ಟಿರುತ್ತದೆ. ಬಿಪಿಗೆಂದು ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನಿಸುವ) ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಯೂ ಏರದೆ ಮೋಸ ಮಾಡುತ್ತದೆ.

ಉಸಿರು ಕಡಿಮೆಯಾಗುವುದು ಇನ್ನೂ ಅಪಾಯ. ಆಪರೇಷನ್ ನೋವಿಗೆ ಉಸಿರನ್ನೂ ನಿಧಾನಿಸುವ ಮಾರ್ಫಿನ್ ಕೊಟ್ಟು, ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದ ರೋಗಿಯ ಬೆರಳಿನಲ್ಲಿ ರಕ್ತದ ಆಕ್ಸಿಜನ್ ಅಳೆಯುವ ಪ್ರೋಬ್ ಶೇ 98 ತೋರಿಸುತ್ತಿರಬಹುದು. ಆದರೆ ಉಸಿರು 8ಕ್ಕೆ ಇಳಿದು, ಕಾರ್ಬನ್ ಡೈಆಕ್ಸೈಡ್ ಏರುತ್ತಿರಬಹುದು. ಪ್ರೋಬ್‌ಗೆ ಅದು ಗೊತ್ತಾಗುವುದೇ ಇಲ್ಲ. ಮನೆಯವರು ‘ಪಾಪ, ಚೆನ್ನಾಗಿ ನಿದ್ದೆ ಹತ್ತಿದೆ’ ಎಂದುಕೊಂಡು ಲೈಟ್ ಆರಿಸುತ್ತಾರೆ. ಅಂಥ ನಿದ್ದೆಯಲ್ಲಿರುವವರನ್ನು ಹೆಸರು ಹಿಡಿದು ಕರೆದು ಎಬ್ಬಿಸಿ ನೋಡಲೇಬೇಕು.

ಎಣಿಸುವ ಹಳೆಯ ರೀತಿಯೇ ಒಳ್ಳೆಯದು. ನಾಡಿ ನೋಡುವವರಂತೆ ಕೈ ಹಿಡಿದೇ ಇರಿ, ಕಣ್ಣು ಎದೆಯ ಮೇಲಿರಲಿ, ಪೂರ್ತಿ ಒಂದು ನಿಮಿಷ. ಎಣಿಸುತ್ತಿದ್ದೀರಿ ಎಂದು ರೋಗಿಗೆ ತಿಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ಮಾನಿಟರ್ ಎದೆಯ ಅಲುಗಾಟದಿಂದ ಲೆಕ್ಕ ಹಾಕುವುದರಿಂದ, ರೋಗಿ ಮಾತಾಡಿದರೆ, ಮಗ್ಗುಲಾದರೆ ತಪ್ಪು ತೋರಿಸುತ್ತದೆ. ಆ ಒಂದು ನಿಮಿಷದಲ್ಲಿ ಬೇರೆಯವೂ ಕಾಣುತ್ತವೆ: ಬೆವರು, ತಣ್ಣಗಿನ ಕೈ, ಡ್ರೈನ್‌ನಲ್ಲಿ (ಆಪರೇಷನ್ ಜಾಗದಿಂದ ಹೊರಬಿಟ್ಟ ಕೊಳವೆ) ಬಂದ ರಕ್ತ, ಯೂರಿನ್ ಚೀಲ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಎಂ.ಎಲ್. ಮೂತ್ರವಾದರೂ ಬರಬೇಕು.

ಕಂಡದ್ದನ್ನು ಹೇಳುವುದೂ ಕೆಲಸದ ಭಾಗವೇ. ರಾತ್ರಿ ಎರಡಕ್ಕೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ‘ಪೇಷಂಟ್ ಯಾಕೋ ಸರಿಯಿಲ್ಲ’ ಎಂದರೆ ‘ನೋಡ್ತಾ ಇರಿ’ ಎಂಬ ಉತ್ತರ ಬರುತ್ತದೆ. ಹೀಗೆ ಹೇಳಿ: ‘ಡಾಕ್ಟ್ರೇ, 12ನೇ ಬೆಡ್ಡಿನ ಅಜ್ಜಿ, ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ. ಉಸಿರು ಸಂಜೆ 18 ಇತ್ತು, ಈಗ 26. ನಾಡಿ 112, ಬಿಪಿ ಮೇಲಿನದು 104. ಒಳಗೆ ರಕ್ತ ಸೋರ್ತಿದೆ ಅಂತ ನನಗೆ ಭಯ, ಈಗಲೇ ಬಂದು ನೋಡಿ.’ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ಈ ಅಜ್ಜಿಯ ಉಸಿರಿಗೆ 3, ನಾಡಿಗೆ 2, ಬಿಪಿಗೆ 1, ಒಟ್ಟು 6 ಅಂಕ. 5 ಮುಟ್ಟಿದರೇ ವೈದ್ಯರು ತುರ್ತಾಗಿ ಬರಬೇಕು. ಮೂರೂ ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾರೂ ಓಡಿಬರುತ್ತಿರಲಿಲ್ಲ.

ಬೆಂಗಳೂರಿನ ವಾರ್ಡುಗಳಲ್ಲಿ ಇನ್ನೊಂದು ತೊಡಕಿದೆ. ಸಿಸ್ಟರ್ ಕೇರಳದವರು, ರೋಗಿ ಮಾಗಡಿ ಕಡೆಯವರು, ಪಕ್ಕದ ಬೆಡ್ಡಿನವರಿಗೆ ತಮಿಳೋ ತೆಲುಗೋ. ಹೊರಗಿನಿಂದ ಬಂದ ನನ್ನ ಸಹೋದ್ಯೋಗಿಗಳಿಗೆ ನಾನು ಮೊದಲು ಕಲಿಸುವ ಕನ್ನಡ: ‘ಉಸಿರಾಡೋಕೆ ಕಷ್ಟ ಆಗ್ತಿದೆಯಾ?’, ‘ಎದೆ ಭಾರ ಇದೆಯಾ?’ ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು. ಅವರು ‘ಗ್ಯಾಸು, ಸುಸ್ತು’ ಎಂದರೆ ಇಸಿಜಿ ತೆಗೆಸಿ. ಹಾಗೆಯೇ ‘ಅಮ್ಮ ಯಾವತ್ತೂ ಹಿಂಗಿರಲ್ಲ ಸಿಸ್ಟರ್’ ಎಂದು ಮಗಳು ಹೇಳಿದರೆ ಕೂಡಲೇ ಎದ್ದುಹೋಗಿ ನೋಡಿ. ಆ ಅಮ್ಮನನ್ನು ನಮಗಿಂತ ಚೆನ್ನಾಗಿ ಬಲ್ಲವಳು ಅವಳು.

ಒಬ್ಬಳೇ ಇಡೀ ವಾರ್ಡ್ ನೋಡಬೇಕಾದ ರಾತ್ರಿಯಲ್ಲಿ ಇದೆಲ್ಲ ಸಾಧ್ಯವೇ ಎಂದು ನರ್ಸುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇನ್ನಷ್ಟು ನರ್ಸುಗಳನ್ನು ಕೊಡಿ ಎಂದು ಆಡಳಿತದವರನ್ನು ಬರವಣಿಗೆಯಲ್ಲಿ, ಮತ್ತೆ ಮತ್ತೆ ಕೇಳಬೇಕು. ಅಲ್ಲಿಯವರೆಗೆ ರೌಂಡ್ಸನ್ನು ಬೆಡ್ ನಂಬರಿನ ಸಾಲಿನಲ್ಲಿ ಮಾಡಬೇಡಿ. ಅಂದೇ ಆಪರೇಷನ್ ಆದವರು, ಮಾರ್ಫಿನ್ ಪಡೆದವರು, ಆಕ್ಸಿಜನ್ ಮೇಲಿರುವವರು, ಜ್ವರ ಬಂದ ವಯಸ್ಸಾದವರು, ಇವರ ಹತ್ತಿರ ಮೊದಲು ಹೋಗಿ.