ಕೈ ಆಡದಿದ್ದರೂ ಚಿತ್ರ ಬರೆಯಬಹುದು

ತಲೆಗೆ ಬಿಗಿಯಾದ ಬಟ್ಟೆಯ ಟೋಪಿ ಹಾಕಿ, ಅದರ ತೂತುಗಳಲ್ಲಿ ಎಲೆಕ್ಟ್ರೋಡ್ ಎಂಬ, ವಿದ್ಯುತ್ ಗುರುತಿಸುವ ಪುಟ್ಟ ಬಿಲ್ಲೆಗಳನ್ನು ಕೂರಿಸಿ, ಒಂದಿಷ್ಟು ಜೆಲ್ ಹಚ್ಚಿದರೆ ಸಾಕು. ಮೆದುಳಿನ ವಿದ್ಯುತ್ ಅಲೆಗಳು ಹೊರಗಿನಿಂದಲೇ ಸಿಗುತ್ತವೆ. ಇದೇ ಇಇಜಿ. 1924ರಲ್ಲಿ ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಮನುಷ್ಯರ ಇಇಜಿಯನ್ನು ಮೊದಲ ಸಲ ದಾಖಲಿಸಿದರು.

ಈ ಅಲೆಗಳಿಂದ ಚಿತ್ರ ಮಾಡಲು ಒಂದು ಸುಲಭದ ದಾರಿ ಇದೆ. ಅಲೆ ಜೋರಾದರೆ ಕೆಂಪು, ತಗ್ಗಿದರೆ ನೀಲಿ ಅಂತ ಕಂಪ್ಯೂಟರಿಗೆ ಹೇಳಿಟ್ಟರೆ ಆಯ್ತು. ನೋಡಲು ಚಂದವೇ. ಆದರೆ ಯಾವ ಅಲೆಗೆ ಯಾವ ಬಣ್ಣ ಅಂತ ಮೊದಲೇ ಯಾರೋ ತೀರ್ಮಾನಿಸಿರುತ್ತಾರೆ, ಅಲ್ವಾ? ಟೋಪಿ ಹಾಕಿಕೊಂಡವರ ಮನಸ್ಸಿನ ಚಿತ್ರ ಅದರಲ್ಲಿ ಮೂಡುವುದಿಲ್ಲ.

ಹಾಗಾಗಿ ನನಗೆ ಜಾಸ್ತಿ ಇಷ್ಟವಾಗುವುದು 'ಬ್ರೈನ್ ಪೇಂಟಿಂಗ್'. ಜರ್ಮನ್ ಕಲಾವಿದ ಆದಿ ಹೋಸ್ಲ್ ಮತ್ತು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಆಂಡ್ರಿಯಾ ಕ್ಯೂಬ್ಲರ್ ಸೇರಿ ಬೆಳೆಸಿದ್ದು ಇದನ್ನು. ಪರದೆಯ ಮೇಲೆ ಚೌಕಳಿ ಮನೆಗಳು. ಒಂದೊಂದರಲ್ಲಿ ಒಂದು ಬಣ್ಣ, ಆಕಾರ, ಅಳತೆ ಅಥವಾ ಕುಂಚ ಸರಿಸುವ ಬಾಣದ ಗುರುತು. ಅಡ್ಡ ಸಾಲುಗಳು, ಮೇಲಿಂದ ಕೆಳಕ್ಕಿರುವ ಕಂಬಗಳು ಯಾವ ಕ್ರಮವೂ ಇಲ್ಲದೆ ಒಂದೊಂದಾಗಿ ಮಿನುಗುತ್ತಾ ಹೋಗುತ್ತವೆ. ಕೆಂಪು ಬೇಕೆ? ಕೆಂಪಿನ ಮನೆಯನ್ನೇ ನೋಡುತ್ತಾ, ಅದು ಮಿನುಗಿದಾಗಲೆಲ್ಲ ಮನಸ್ಸಿನಲ್ಲೇ ಎಣಿಸುತ್ತಾ ಕೂತರಾಯ್ತು. ಕಾಯುತ್ತಿದ್ದದ್ದು ಮಿನುಗಿದ ಸುಮಾರು 300 ಮಿಲಿಸೆಕೆಂಡಿಗೆ ಮೆದುಳಿನ ಅಲೆ ಒಮ್ಮೆ ಸಣ್ಣಗೆ ಏಳುತ್ತದೆ. ಇದರ ಹೆಸರು ಪಿ300. ಹೀಗೆ ಎದ್ದದ್ದು ಯಾವ ಸಾಲಿಗೆ, ಯಾವ ಕಂಬಕ್ಕೆ ಅಂತ ನೋಡಿದರೆ, ಅವೆರಡೂ ಕೂಡುವ ಮನೆಯೇ ನೀವು ಬಯಸಿದ್ದು. ಇದೇ ಉಪಾಯದಿಂದ ಅಕ್ಷರ ಬರೆಯಬಹುದು ಅಂತ ಅಮೆರಿಕದ ಸಂಶೋಧಕರಾದ ಫಾರ್ವೆಲ್ ಮತ್ತು ಡಾಂಚಿನ್ 1988ರಲ್ಲೇ ತೋರಿಸಿದ್ದರು.

ಆ ಏರಿಕೆ ಇರುವುದು ಒಂದು ವೋಲ್ಟನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಕೆಲವೇ ಭಾಗದಷ್ಟು. ಕಣ್ಣು ಮಿಟುಕಿಸಿದರೂ, ಹಲ್ಲು ಕಚ್ಚಿದರೂ ಮುಚ್ಚಿಹೋಗುತ್ತದೆ. ಅದಕ್ಕೇ ಒಂದೇ ಆಯ್ಕೆಗೆ ಹಲವು ಸಲ ಮಿನುಗಿಸಿ ಸರಾಸರಿ ತೆಗೆಯಬೇಕು. ಕೆಲಸ ನಿಧಾನ. ಒಂದು ಕೆಂಪು ಚುಕ್ಕೆ ಇಡಲು ಆಕಾರ, ಅಳತೆ, ಜಾಗ, ಬಣ್ಣ ಎಲ್ಲವನ್ನೂ ಬೇರೆ ಬೇರೆಯಾಗಿ ಆರಿಸಬೇಕು.

ಇಷ್ಟು ತಾಳ್ಮೆ ಯಾರಿಗಾಗಿ? ಎಎಲ್‌ಎಸ್ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತವೆ. ಕೈ, ಕಾಲು, ಮಾತು ಒಂದೊಂದಾಗಿ ಹೋಗುತ್ತವೆ. ಬಹಳ ಜನರಲ್ಲಿ ಯೋಚನೆ, ಆಸೆ ಹಾಗೇ ಉಳಿದಿರುತ್ತವೆ. ಅಂಥವರು ಪ್ರತಿ ಚುಕ್ಕೆಯನ್ನೂ ತಾವೇ ಆರಿಸಿ ಇಡುತ್ತಾರೆ. ಹೀಗೆ ಬರೆದ ಚಿತ್ರಗಳು 2013ರಲ್ಲಿ ಸ್ಕಾಟ್ಲೆಂಡಿನ ಪುಟ್ಟ ದ್ವೀಪ ಈಸ್ಡೇಲ್‌ನಲ್ಲಿ ಪ್ರದರ್ಶನಕ್ಕೂ ಬಂದವು. ಈಗ ಇದಕ್ಕೆ ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಟೋಪಿ ಹಾಕುವುದು, ಜೆಲ್ ತುಂಬುವುದನ್ನು ಮನೆಯವರೇ ಕಲಿತು, ತಜ್ಞರು ಪಕ್ಕದಲ್ಲಿಲ್ಲದೆಯೂ ರೋಗಿ ಮನೆಯಲ್ಲೇ ತಿಂಗಳುಗಟ್ಟಲೆ ಚಿತ್ರ ಬರೆದದ್ದಿದೆ.