ರೇಡಾರ್ ಪರದೆಯ ಏಳು ಚುಕ್ಕೆ: ವಾಷಿಂಗ್ಟನ್ ಮೇಲೆ ಕಂಡ 'ಹಾರುವ ತಟ್ಟೆ'ಗಳ ಹಿಂದಿನ ಕಥೆ

1952ರ ಜುಲೈ 19, ಶನಿವಾರ. ರಾತ್ರಿ 11 ಗಂಟೆ 40 ನಿಮಿಷ. ವಾಷಿಂಗ್ಟನ್ ನ್ಯಾಷನಲ್ ವಿಮಾನ ನಿಲ್ದಾಣದ ರೇಡಾರ್ ಪರದೆ ಮುಂದೆ ಕೂತಿದ್ದ ಎಡ್ವರ್ಡ್ ನುಜೆಂಟ್ ಅವರಿಗೆ ಏಳು ಚುಕ್ಕೆ ಕಂಡವು. ನಗರದಿಂದ ಸುಮಾರು 15 ಮೈಲಿ ದಕ್ಷಿಣಕ್ಕೆ. ಅಲ್ಲಿ ಆ ಹೊತ್ತಲ್ಲಿ ಯಾವ ವಿಮಾನವೂ ಇರುವಂತಿರಲಿಲ್ಲ.

ಅವರು ತಮ್ಮ ಮೇಲಿನವರಾದ ಹ್ಯಾರಿ ಬಾರ್ನ್ಸ್ ಅವರನ್ನು ಕರೆದರು. ಬಾರ್ನ್ಸ್ ಗಾಬರಿಯಾಗಲಿಲ್ಲ. ಮೊದಲು ಯಂತ್ರ ಸರಿ ಇದೆಯಾ ಅಂತ ಪರೀಕ್ಷೆ ಮಾಡಿಸಿದರು. ಸರಿಯಾಗೇ ಇತ್ತು. ಟವರ್‌ನಲ್ಲಿದ್ದವರಿಗೆ ಫೋನ್ ಮಾಡಿದರೆ, ಅವರ ರೇಡಾರ್‌ನಲ್ಲೂ ಚುಕ್ಕೆಗಳಿದ್ದವು. ಕಿಟಕಿಯಿಂದ ನೋಡಿದವರಿಗೆ ಬರಿಗಣ್ಣಿಗೇ ಒಂದು ಬೆಳಕು ಕಾಣಿಸಿತು. ಸ್ವಲ್ಪ ಹೊತ್ತಲ್ಲೇ ಚುಕ್ಕೆಗಳು ಶ್ವೇತಭವನ ಮತ್ತು ಸಂಸತ್ ಭವನದ ಮೇಲೆ ಬಂದವು. ಒಬ್ಬ ವಿಮಾನ ಪೈಲಟ್ 14 ನಿಮಿಷಗಳಲ್ಲಿ ಆರು ಬೆಳಕುಗಳನ್ನು ಕಂಡಿದ್ದಾಗಿ ಹೇಳಿದರು. ಬಿಳಿ, ಬಾಲ ಇಲ್ಲ, ವೇಗ ಜಾಸ್ತಿ.

ಹತ್ತಿರದ ಆಂಡ್ರೂಸ್ ವಾಯುನೆಲೆಯ ರನ್‌ವೇ ರಿಪೇರಿಯಲ್ಲಿತ್ತು. ಹಾಗಾಗಿ ಎಫ್-94 ಯುದ್ಧವಿಮಾನಗಳು ಪಕ್ಕದ ಡೆಲವೇರ್ ರಾಜ್ಯದಿಂದ ಬರಬೇಕಾಯಿತು. ಅವು ಬಂದಾಗ ಬೆಳಗಿನ ಜಾವ ಸುಮಾರು 3 ಗಂಟೆ. ವಿಮಾನಗಳು ಬಂದವು, ಚುಕ್ಕೆಗಳು ಮಾಯವಾದವು. ವಿಮಾನಗಳು ಹೋದವು, ಚುಕ್ಕೆಗಳು ಮತ್ತೆ ಬಂದವು.

ಇದನ್ನು ಬರೀ ವಿಚಿತ್ರ ಸುದ್ದಿ ಅಂತ ಓದಿಕೊಂಡು ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆಗಿನ ಕಾಲ ಹೇಗಿತ್ತು ನೋಡಿ. 1949ರಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿತ್ತು. ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ರಾಜಧಾನಿ ಮೇಲೆ ಗೊತ್ತಿಲ್ಲದ ಏನೋ ಹಾರುತ್ತಿದೆ ಅಂದರೆ ಅನ್ಯಗ್ರಹದವರಿಗಿಂತ ಮೊದಲು ನೆನಪಾಗುತ್ತಿದ್ದದ್ದು ಮಾಸ್ಕೋ. 'ಹಾರುವ ತಟ್ಟೆ' ಎಂಬ ಮಾತು ಹುಟ್ಟಿಯೂ ಆಗ ಐದೇ ವರ್ಷ. 1947ರ ಜೂನ್ 24ರಂದು ಮೌಂಟ್ ರೇನಿಯರ್ ಬಳಿ ಒಂಬತ್ತು ವಸ್ತುಗಳನ್ನು ಕಂಡೆ ಎಂದ ಪೈಲಟ್ ಕೆನೆತ್ ಆರ್ನಾಲ್ಡ್ ಅವರ ವಿವರಣೆಯಿಂದ ಪತ್ರಿಕೆಗಳು ಕಟ್ಟಿದ ಹೆಸರದು.

ಇಂಥ ವರದಿಗಳನ್ನು ಪರಿಶೀಲಿಸಲೆಂದೇ ವಾಯುಪಡೆಯಲ್ಲಿ ಪ್ರಾಜೆಕ್ಟ್ ಬ್ಲೂ ಬುಕ್ ಎಂಬ ತಂಡವಿತ್ತು. ಅದರ ಮುಖ್ಯಸ್ಥ ಕ್ಯಾಪ್ಟನ್ ಎಡ್ವರ್ಡ್ ರಪೆಲ್ಟ್. ಸೋಮವಾರ ಅವರು ಬೇರೆ ಕೆಲಸಕ್ಕೆ ವಾಷಿಂಗ್ಟನ್‌ಗೆ ಬಂದಿಳಿದಾಗ ವಿಷಯ ತಿಳಿದದ್ದು ಪೇಪರ್ ನೋಡಿ! ಊರೆಲ್ಲ ಓಡಾಡಿ ಸಾಕ್ಷಿಗಳನ್ನು ಮಾತಾಡಿಸಬೇಕು, ಕಾರು ಕೊಡಿ ಎಂದರು. ಸಿಗಲಿಲ್ಲ. ಬೇಕಾದರೆ ನಿಮ್ಮ ಭತ್ಯೆಯಲ್ಲೇ ಟ್ಯಾಕ್ಸಿ ಮಾಡಿಕೊಳ್ಳಿ ಎಂಬ ಉತ್ತರ ಬಂತು. ಅವರು ಒಹಾಯೊಗೆ ವಾಪಸಾದರು. ನೆನಪು ಹಸಿಯಾಗಿದ್ದಾಗಲೇ ಕೇಳಬೇಕಿದ್ದ ಪ್ರಶ್ನೆಗಳು ಹಾಗೇ ಉಳಿದವು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಬೇಸರ ತರಿಸುವ ಜಾಗ ಇದು.

ಮುಂದಿನ ಶನಿವಾರ, ಜುಲೈ 26. ಮತ್ತೆ ಅದೇ ಆಯಿತು. ಈ ಸಲ ರೇಡಾರ್ ಕೋಣೆಗೆ ವರದಿಗಾರರೂ ಬಂದಿದ್ದರು. ಯುದ್ಧವಿಮಾನ ಏರುವ ಹೊತ್ತಿಗೆ ಅವರನ್ನು ಹೊರಗೆ ಕಳಿಸಿದರು. ಒಳಗೆ ಉಳಿದ ವಾಯುಪಡೆ ವಕ್ತಾರ ಆಲ್ಬರ್ಟ್ ಚಾಪ್ ಅಲ್ಲಿ ನಡೆದದ್ದನ್ನು ಆಮೇಲೆ ವಿವರಿಸಿದ್ದಾರೆ. ಲೆಫ್ಟಿನೆಂಟ್ ವಿಲಿಯಂ ಪ್ಯಾಟರ್ಸನ್ ಬೆಳಕುಗಳ ಹಿಂದೆ ಹೋದರು. ಆಮೇಲೆ ಬೆಳಕುಗಳು ಅವರನ್ನೇ ಸುತ್ತುವರಿದವು. ಈಗ ಏನು ಮಾಡಲಿ ಅಂತ ರೇಡಿಯೊದಲ್ಲಿ ಕೇಳಿದರು. ಕೋಣೆಯಲ್ಲಿದ್ದ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಕೊನೆಗೆ ಬೆಳಕುಗಳು ತಾವಾಗೇ ದೂರ ಸರಿದವು.

ಅಧ್ಯಕ್ಷ ಟ್ರೂಮನ್ ಕಡೆಯಿಂದಲೂ ವಿಚಾರಣೆ ಬಂತು. ಜುಲೈ 29ರಂದು ಪೆಂಟಗನ್‌ನಲ್ಲಿ ವಾಯುಪಡೆಯ ಗುಪ್ತಚರ ಮುಖ್ಯಸ್ಥ ಮೇಜರ್ ಜನರಲ್ ಜಾನ್ ಸ್ಯಾಮ್‌ಫೋರ್ಡ್ ಪತ್ರಿಕಾಗೋಷ್ಠಿ ಕರೆದರು. ಎರಡನೇ ಮಹಾಯುದ್ಧದ ನಂತರ ಅಷ್ಟು ದೊಡ್ಡ ಗೋಷ್ಠಿ ಅಲ್ಲಿ ನಡೆದಿರಲಿಲ್ಲ. ನಂಬಬಹುದಾದ ಜನರೇ ನಂಬಲಾಗದಂಥ ಸಂಗತಿ ಹೇಳುತ್ತಿದ್ದಾರೆ ಎಂದು ಅವರು ಒಪ್ಪಿಕೊಂಡರು. ಕಾರಣ ಬಹುಶಃ ಗಾಳಿಯ ಉಷ್ಣತೆ ತಲೆಕೆಳಗಾಗಿರುವುದು ಎಂದರು.

ಇದು ನಮಗೆ ಹೊಸದೇನಲ್ಲ. ಚಳಿಗಾಲದ ಸಂಜೆ ಹಳ್ಳಿಯಲ್ಲಿ ಒಲೆ ಹೊಗೆ ಮೇಲೇರದೆ, ಮನೆಗಳ ಮೇಲೆ ಚಪ್ಪರ ಹಾಕಿದ ಹಾಗೆ ನಿಲ್ಲುತ್ತದಲ್ವಾ? ನೆಲದ ಹತ್ತಿರ ತಂಪು ಗಾಳಿ, ಮೇಲೆ ಬಿಸಿ ಗಾಳಿ. ಇಂಥ ಪದರ ರೇಡಾರ್ ಕಿರಣವನ್ನು ನೆಲದ ಕಡೆಗೆ ಬಗ್ಗಿಸುತ್ತದೆ. ಆಗ ಕೆಳಗಿನ ಕಟ್ಟಡ, ಲಾರಿ, ದೋಣಿ ಆಕಾಶದಲ್ಲಿರುವ ಹಾಗೆ ಪರದೆ ಮೇಲೆ ಮೂಡುತ್ತವೆ. ದೂರದ ಬೆಳಕೂ ಬಾಗಿ ಬೇರೆ ಕಡೆ ಕಾಣಬಹುದು. ಬಿಸಿಲ್ಗುದುರೆಯ ತಮ್ಮ ಅನ್ನಿ. 1953ರಲ್ಲಿ ನಾಗರಿಕ ವಿಮಾನಯಾನ ಇಲಾಖೆ ಮಾಡಿದ ಅಧ್ಯಯನದಲ್ಲೂ ಇಂಥ ಚುಕ್ಕೆ ಕಂಡಾಗಲೆಲ್ಲ ಹೆಚ್ಚುಕಮ್ಮಿ ಇದೇ ಹವೆ ಇತ್ತು.

ನನಗೂ ಇದೇ ಬಹುಪಾಲು ಸರಿ ಅನಿಸುತ್ತದೆ. ಆದರೆ ರಪೆಲ್ಟ್ ಎತ್ತಿದ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆ ಬೇಸಿಗೆಯಲ್ಲಿ ಹೆಚ್ಚುಕಮ್ಮಿ ದಿನಾ ರಾತ್ರಿ ಇಂಥ ಪದರವಿತ್ತು, ಹಾಗಿದ್ದರೆ ಚುಕ್ಕೆಗಳು ಕೆಲವೇ ರಾತ್ರಿ ಯಾಕೆ ಬಂದವು? ರೇಡಾರ್ ಮುಂದೆ ಕೂತಿದ್ದವರೂ ಅದನ್ನು ಒಪ್ಪಲಿಲ್ಲ. ಹವೆಯ ಮೋಸ ಅವರಿಗೆ ದಿನನಿತ್ಯದ ವಿಷಯ, ಇವು ಹಾಗಿರಲಿಲ್ಲ ಎಂಬುದು ಅವರ ವಾದ.

ನಿಜವಾದ ತಪ್ಪು ಆಮೇಲೆ ಆಯಿತು. 1953ರ ಜನವರಿಯಲ್ಲಿ ಸಿಐಎ ವಿಜ್ಞಾನಿಗಳ ಸಮಿತಿಯೊಂದನ್ನು ಕೂರಿಸಿತು. ಭೌತವಿಜ್ಞಾನಿ ಎಚ್.ಪಿ. ರಾಬರ್ಟ್‌ಸನ್ ಅದರ ಅಧ್ಯಕ್ಷರು. ಈ ವಸ್ತುಗಳಿಂದ ನೇರ ಅಪಾಯವಿಲ್ಲ, ಆದರೆ ಶತ್ರು ನಿಜವಾಗಿ ದಾಳಿ ಮಾಡಿದಾಗ ಇಂಥ ವರದಿಗಳ ಪ್ರವಾಹದಲ್ಲಿ ಎಚ್ಚರಿಕೆ ಕೊಚ್ಚಿಹೋಗಬಹುದು ಎಂದಿತು. ಆ ಭಯ ನ್ಯಾಯವೇ. ಆದರೆ ಅದು ಸೂಚಿಸಿದ ಮದ್ದು? ಮಾಧ್ಯಮಗಳ ಮೂಲಕ ಜನರ ಕುತೂಹಲ ಇಳಿಸಿ, ಹಾರುವ ತಟ್ಟೆ ಆಸಕ್ತರ ಸಂಘಗಳ ಮೇಲೆ ಕಣ್ಣಿಡಿ. ವರದಿ ವರ್ಷಗಟ್ಟಲೆ ಗುಟ್ಟಾಗಿತ್ತು. ಹೊರಬಂದಾಗ, ಸರ್ಕಾರ ಏನೋ ಮುಚ್ಚಿಡುತ್ತಿದೆ ಎಂದು ಶಂಕಿಸಿದ್ದವರಿಗೆ ಅದೇ ಪುರಾವೆಯಾಯಿತು. 1969ರಲ್ಲಿ ಬ್ಲೂ ಬುಕ್ ಮುಚ್ಚಿದಾಗ ಒಟ್ಟು 12,618 ವರದಿಗಳಲ್ಲಿ 701ಕ್ಕೆ ವಿವರಣೆ ಸಿಕ್ಕಿರಲಿಲ್ಲ.

ಆಮೇಲೂ ವಾಷಿಂಗ್ಟನ್ ಆಕಾಶ ಸುಮ್ನೆ ಇರಲಿಲ್ಲ. 2002ರ ಜುಲೈ 26ರ ನಸುಕಿನಲ್ಲಿ, ಅಂದರೆ ಸರಿಯಾಗಿ 50 ವರ್ಷಕ್ಕೆ, ರೇಡಾರ್‌ನಲ್ಲಿ ಏನೋ ಕಂಡು ಆಂಡ್ರೂಸ್‌ನಿಂದ ಎಫ್-16ಗಳು ಹಾರಿದವು. ಅವಕ್ಕೆ ಏನೂ ಸಿಗಲಿಲ್ಲ. 2019ರ ನವೆಂಬರ್‌ನಲ್ಲಿ ಇನ್ನೊಂದು ಗುರುತು ಕಂಡು ಶ್ವೇತಭವನಕ್ಕೆ ಬೀಗ ಬಿತ್ತು. ಅದು ಹಕ್ಕಿಗಳ ಹಿಂಡು ಇರಬಹುದು ಎಂದು ಅಧಿಕಾರಿಗಳು ಹೇಳಿದರು.

ಕಾವಲಿಗೆ ನಿಂತವರ ಕಣ್ಣು ಎಲ್ಲ ಕಡೆಯೂ ಹೀಗೆಯೇ. 2012-13ರಲ್ಲಿ ಲಡಾಖ್ ಗಡಿಯ ನಮ್ಮ ಸೈನಿಕರು ಆಕಾಶದಲ್ಲಿ ಕಂಡ ಬೆಳಕುಗಳನ್ನು ಚೀನಾದ ಡ್ರೋನ್ ಎಂದುಕೊಂಡು ತಿಂಗಳುಗಟ್ಟಲೆ ದಾಖಲಿಸಿದ್ದರು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹ ಎಂದರು. ಅಲ್ಲಿ ನೋಡಿದವರನ್ನು ಸುಳ್ಳುಗಾರರು ಅನ್ನಲಿಲ್ಲ, ನೋಡಿದ್ದು ಏನು ಅಂತ ಹೇಳಿದರು.

ಅಮೆರಿಕದಲ್ಲಿ ಆ ದಾರಿ ಈಗ ತೆರೆಯುತ್ತಿದೆ. 2021ರ ಗುಪ್ತಚರ ವರದಿ 144 ಪ್ರಕರಣಗಳನ್ನು ನೋಡಿ, ಒಂದಕ್ಕೆ ಮಾತ್ರ ಖಚಿತ ಉತ್ತರ ಕೊಟ್ಟಿತು: ಗಾಳಿ ಇಳಿದ ಬಲೂನು. 2024ರ ಮಾರ್ಚ್‌ನಲ್ಲಿ ಪೆಂಟಗನ್ ಕಚೇರಿಯೊಂದು ಹಳೆಯ ಕಡತಗಳನ್ನೆಲ್ಲ ತಿರುವಿ, ಅನ್ಯಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಇಲ್ಲ ಎಂದಿತು. ಅದಕ್ಕೂ ಮುಂಚೆ ಸಂಸತ್ ಸಮಿತಿ ಸಾಕ್ಷಿಗಳನ್ನು ಕರೆದು ಕೇಳಿತ್ತು. ಆ ದಿನ ಯಾವುದು ಗೊತ್ತಾ? 2023ರ ಜುಲೈ 26. ಅಂದು ನೌಕಾಪಡೆಯ ಮಾಜಿ ಪೈಲಟ್ ರಯಾನ್ ಗ್ರೇವ್ಸ್ ಸಮಿತಿ ಮುಂದೆ ಕೂತು, ಕಂಡದ್ದನ್ನು ವರದಿ ಮಾಡಲು ಪೈಲಟ್‌ಗಳು ಈಗಲೂ ಹೆದರುತ್ತಾರೆ ಎಂದರು.